ಅಡ್ಡಬಾಯಿ ಕಲಿಸಿದ ವರ್ಷಗಳು

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಹತ್ತಿರ ಒಂದು ಪಾತ್ರೆ ಅಂಗಡಿ ಇದೆ. ಅದರ ಮೇಲಿನ ಮಹಡಿಯಲ್ಲಿ ನಿಂತು ನಾನು ಬದುಕಿನ ಒಳ್ಳೆಯ ವರ್ಷಗಳನ್ನೆಲ್ಲ, ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವುದು ಹೇಗೆ ಎಂದು ಕಲಿಸುತ್ತಾ ಕಳೆದೆ. ಹೊರಗಿನ ಬೋರ್ಡಿನ ಮೇಲೆ ಸ್ಪೋಕನ್ ಇಂಗ್ಲಿಷ್ ಎಂದು ಬರೆದಿತ್ತು. ಒಳಗೆ ಮುಖ್ಯವಾಗಿ ನಡೆಯುತ್ತಿದ್ದದ್ದು ಇದೇ. ಮೊದಲ ಸಲ ಕೇಳಿದಾಗ ನನ್ನ ಹೆಂಡತಿ, ಇದಕ್ಕೆ ಸಂಬಳ ಬೇರೆ ಕೊಡ್ತಾರಾ, ನಿಮ್ಮಮ್ಮ ಇಷ್ಟು ವರ್ಷದಿಂದ ಬಿಟ್ಟಿಯಾಗಿ ಮಾಡ್ತಾ ಬಂದಿದ್ದಾರಲ್ಲ ಎಂದಿದ್ದಳು.

ಈಗ ನಿವೃತ್ತನಾಗಿ ಬಂಗಾರಪೇಟೆಯ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, ಸಾರ್ ಏನಾದರೂ ಟಿಪ್ಸ್ ಕೊಡಿ ಎನ್ನುತ್ತಾರೆ. ಕೊಡಲು ಶುರು ಮಾಡಿದರೆ ಅರ್ಧದಲ್ಲೇ ಸರಿ ಸಾರ್, ಗೊತ್ತಾಯ್ತು ಸಾರ್ ಎಂದು ಫೋನ್ ಇಟ್ಟುಬಿಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬರೆದದ್ದರ ನಡುವೆ ಯಾರೂ ಬಾಯಿ ಹಾಕಲಾರರು.

ಚಿನ್ನದ ಗಣಿ ಮುಚ್ಚಿದ ಮೇಲೆ ನಮ್ಮ ಕಡೆಯ ಮಕ್ಕಳಿಗೆ ದಿಕ್ಕು ಎಂದರೆ ಬೆಳಗಿನ ರೈಲು. ರೈಲು ಹತ್ತಿ ಬೆಂಗಳೂರಿಗೆ ಹೋದರೆ ಫೋನಿನಲ್ಲಿ ಮಾತಾಡುವ ಕಂಪನಿಗಳಿದ್ದವು. ಅಲ್ಲಿ ಒಳಗೆ ಹೋಗಬೇಕಾದರೆ ಗ್ರೂಪ್ ಡಿಸ್ಕಷನ್ ಎಂಬ ಒಂದು ಬಾಗಿಲು ದಾಟಬೇಕು. ಏಳೆಂಟು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿ, ಮೊಬೈಲಿನಿಂದ ಲಾಭವೋ ನಷ್ಟವೋ ಎನ್ನುವಂಥ ವಿಷಯ ಕೊಟ್ಟು, ಮಾತಾಡಿ ಎನ್ನುತ್ತಾರೆ. ಸರದಿ ಇಲ್ಲ, ಕೈ ಎತ್ತುವ ಹಾಗಿಲ್ಲ. ಇನ್ನೊಬ್ಬನ ಮಾತನ್ನು ಕತ್ತರಿಸಿ ನಿನ್ನ ಮಾತು ಇಡಬೇಕು. ಇಡಲಾಗದವನು ಎದ್ದು ಮನೆಗೆ ಹೋಗಬೇಕು.

ಹಾಗಾಗಿ ನನ್ನ ಪಾಠ ಬೋರ್ಡಿನ ಮೇಲೆ ಕೆಲವು ಇಂಗ್ಲಿಷ್ ಕ್ರಿಯಾಪದಗಳಿಂದ ಶುರುವಾಗುತ್ತಿತ್ತು. ಇಂಟರಪ್ಟ್ ಅಂದರೆ ಮಾತು ನಿಲ್ಲಿಸುವುದು, ಇದು ಎಲ್ಲಕ್ಕೂ ತಾಯಿ. ಕಟ್ ಇನ್ ಅಂದರೆ ಆಟೋದವನು ಬಸ್ಸಿನ ಮುಂದೆ ನುಗ್ಗಿಸುತ್ತಾನಲ್ಲ, ಹಾಗೆ. ಬಟ್ ಇನ್ ಅಂದರೆ ಟಗರು ತಲೆ ಬಗ್ಗಿಸಿ ಹಾಯುವುದು. ಬಾರ್ಜ್ ಇನ್ ಅಂದರೆ ಬಾಗಿಲು ಒದ್ದುಕೊಂಡು ಬರುವುದು. ಚೈಮ್ ಇನ್ ಅಂದರೆ ಭಜನೆಯಲ್ಲಿ ಒಬ್ಬರು ಎತ್ತಿದ ಸೊಲ್ಲಿಗೆ ಉಳಿದವರು ದನಿ ಸೇರಿಸುವುದು. ಇಂಟರ್ಜೆಕ್ಟ್ ಅಂದರೆ ದೊಡ್ಡ ಮನುಷ್ಯರು ಕನ್ನಡಕ ಸರಿಮಾಡಿಕೊಂಡು ನಡುವೆ ಒಂದು ಮಾತು ಉದುರಿಸುವುದು. ಮಕ್ಕಳು ನಗುತ್ತಾ ಬರೆದುಕೊಳ್ಳುತ್ತಿದ್ದರು. ಅವರ ಮನೆಗಳಲ್ಲಿ ಇದಕ್ಕೆಲ್ಲ ಸೇರಿ ಇದ್ದದ್ದು ಒಂದೇ ಮಾತು, ಅಡ್ಡಬಾಯಿ ಹಾಕಬೇಡ. ಅದರ ಹಿಂದೆಯೇ ತಲೆಯ ಮೇಲೊಂದು ಮೊಟಕು.

ಹೊಸಬರಿಗೆ ಇಲ್ಲೊಂದು ವಿಷಯ ಹೇಳಬೇಕು. ಪುಸ್ತಕದಲ್ಲಿ ಈ ಕ್ರಿಯಾಪದಗಳ ಅರ್ಥ ಬೇರೆ ಬೇರೆ ಎಂದಿರುತ್ತದೆ. ಕೆಲಸದಲ್ಲಿ ನಾನು ಕಂಡದ್ದು ಬೇರೆ. ಕೆಲಸ ಒಂದೇ, ಮಾಡಿದವನು ಯಾರು ಎನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ನಮ್ಮ ಸಂಸ್ಥೆಯ ಯಜಮಾನರು ಗೋಪಿನಾಥ್ ಎಂದು. ನಾನು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಬಂದು ಕೂತು, ಮೇಷ್ಟ್ರೇ ಒಂದ್ನಿಮಿಷ ಎಂದು ಎದ್ದು ನಿಲ್ಲುತ್ತಿದ್ದರು. ಆ ಒಂದು ನಿಮಿಷ ಪೀರಿಯಡ್ ಮುಗಿಯುವವರೆಗೂ ನಡೆಯುತ್ತಿತ್ತು. ಅವರು ಮಾಡಿದ್ದು ಇಂಟರ್ಜೆಕ್ಟ್. ಒಮ್ಮೆ ಅವರ ಮಾತಿನ ನಡುವೆ ನಾನೊಂದು ಮಾತು ಸೇರಿಸಿದ್ದಕ್ಕೆ, ಮಕ್ಕಳ ಮುಂದೆ ನನ್ನ ಮರ್ಯಾದೆ ಉಳಿಸಿ ಎಂದು ಕೊಠಡಿಗೆ ಕರೆದು ಹೇಳಿದರು. ನಾನು ಮಾಡಿದ್ದು ಬಟ್ ಇನ್. ಟಗರಿಗೂ ನನಗೂ ವ್ಯತ್ಯಾಸವಿರಲಿಲ್ಲ.

ಚಾಂಪಿಯನ್ ರೀಫ್ಸಿನ ಸೆಲ್ವಂ ಎಂಬ ಹುಡುಗನನ್ನು ಮರೆಯುವ ಹಾಗಿಲ್ಲ. ಅವನ ತಾತ, ಅಪ್ಪ ಇಬ್ಬರೂ ಗಣಿಗೆ ಇಳಿದವರು. ಗೋಡೆಗೆ ಗೋಡೆ ಅಂಟಿದ ಅಲ್ಲಿನ ಗಣಿ ಕೆಲಸದವರ ಸಾಲು ಮನೆಗಳಲ್ಲಿ ಈ ಮನೆಯ ಜಗಳಕ್ಕೆ ಆ ಮನೆಯಿಂದ ಉತ್ತರ ಬರುತ್ತದೆ. ತಮಿಳಿನಲ್ಲಿ ಶುರುವಾದ ಮಾತು ತೆಲುಗಿನಲ್ಲಿ ತಿರುಗಿ ಕನ್ನಡದಲ್ಲಿ ಮುಗಿಯುತ್ತದೆ, ಮುಗಿಸುವವರು ಶುರು ಮಾಡಿದವರೇ ಆಗಿರಬೇಕೆಂದಿಲ್ಲ. ಅಲ್ಲಿ ಬೆಳೆದ ಹುಡುಗನಿಗೆ ನಾನೇನು ಕಲಿಸಲಿ? ಮೊದಲ ಡಿಸ್ಕಷನ್ನಿನಲ್ಲೇ ಎಲ್ಲರನ್ನೂ ತುಳಿದು ಆಯ್ಕೆಯಾದ. ಯಜಮಾನರು ಅವನ ಫೋಟೋ ದೊಡ್ಡದು ಮಾಡಿಸಿ ಮೆಟ್ಟಿಲ ಹತ್ತಿರ ಹಾಕಿದರು.

ಎರಡು ತಿಂಗಳೂ ತುಂಬುವ ಮೊದಲು ಹುಡುಗ ವಾಪಸು ಬಂದ. ಫೋನಿನಲ್ಲಿ ಗಿರಾಕಿಗಳ ಮಾತು ಮುಗಿಯುವ ಮೊದಲೇ ಉತ್ತರ ಕೊಡುತ್ತಾನೆ ಎಂದು ಕೆಲಸದಿಂದ ತೆಗೆದಿದ್ದರು. ಅವನು ನನ್ನ ಮೇಜಿನ ಮುಂದೆ ನಿಂತು ಶಾಂತವಾಗಿಯೇ ಕೇಳಿದ.

"ಒಳಗೆ ಓಗೋಕೆ ಅಡ್ಡಬಾಯಿ ಆಕ್ಬೇಕು, ಒಳಗೆ ಇರೋಕೆ ಆಕ್ಬಾರ್ದು. ಎನ್ನ ಸಾರ್, ಏನಿದು? ನೀವು ಒಂದಕ್ಕೇ ಪಾಠ ಮಾಡಿದ್ರಲ್ಲ."

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದೇನೋ ಹೇಳಿ ಕಳಿಸಿದೆ. ಅವನೀಗ ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುತ್ತಾನೆ. ಮೆಟ್ಟಿಲ ಹತ್ತಿರದ ಅವನ ಫೋಟೋವನ್ನು ಮಾತ್ರ ಯಜಮಾನರು ತೆಗೆಸಲಿಲ್ಲ.

ಕಲಿಸುವ ರೀತಿಯೂ ಬದಲಾಗುತ್ತಾ ಬಂತು. ಮೊದಲು ಬೋರ್ಡು, ಸೀಮೆಸುಣ್ಣ. ಆಮೇಲೆ ಕ್ಯಾಸೆಟ್ಟು ಬಂತು. ಅದರೊಳಗೆ ಇಬ್ಬರು ಇಂಗ್ಲಿಷರು ಒಬ್ಬರನ್ನೊಬ್ಬರು ಎಷ್ಟು ನಯವಾಗಿ ತಡೆಯುತ್ತಿದ್ದರೆಂದರೆ ನಮ್ಮ ಮಕ್ಕಳಿಗೆ ಯಾರು ಯಾರನ್ನು ತಡೆದರೆಂದೇ ತಿಳಿಯುತ್ತಿರಲಿಲ್ಲ. ಆಮೇಲೆ ಯಜಮಾನರು ಬೆಂಗಳೂರಿನಿಂದ ಒಬ್ಬ ತರುಣ ತರಬೇತುದಾರನನ್ನು ಕರೆಸಿದರು. ಅವನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ಡಿಸ್ಕಷನ್ನಿನಲ್ಲಿ ಒಬ್ಬ ಎಷ್ಟು ಸಲ ಒಳಗೆ ನುಗ್ಗಿದ ಎಂದು ಎಣಿಸುವುದನ್ನು ಕಲಿಸಿದ. ಅದಕ್ಕೆ ಎಂಟ್ರಿ ಎಂದು ಹೆಸರು. ಏನು ಹೇಳಿದ ಎನ್ನುವುದು ಆಮೇಲಿನ ಮಾತು, ಮೊದಲು ಎಂಟ್ರಿ. ನಾನು ಕೇಳಿದೆ, ಒಳಗೆ ಬಂದವನ ಹತ್ತಿರ ಹೇಳುವುದಕ್ಕೇನೂ ಇಲ್ಲದಿದ್ದರೆ? ಅವನು ನಕ್ಕು ಮುಂದಿನ ಚಿತ್ರಕ್ಕೆ ಹೋದ. ಈಗಂತೂ ಮಕ್ಕಳು ಫೋನಿನೊಳಗಿನ ಯಂತ್ರದ ಜೊತೆ ಅಭ್ಯಾಸ ಮಾಡುತ್ತಾರಂತೆ. ನೀವು ಬಾಯಿ ತೆರೆದ ತಕ್ಷಣ ಅದು ತನ್ನ ಮಾತು ನಿಲ್ಲಿಸುತ್ತದಂತೆ. ಮುಖ ಗಂಟಿಕ್ಕದ ಯಂತ್ರದ ಮುಂದೆ ಕಲಿತದ್ದು ಮುಖವಿರುವವರ ಮುಂದೆ ಎಷ್ಟು ನಡೆಯುತ್ತದೋ ನೋಡಬೇಕು.

ಇಷ್ಟೆಲ್ಲ ಬರೆದದ್ದು ನಾಗವೇಣಿಯ ವಿಷಯಕ್ಕೆ ಬರಲು ಮನಸ್ಸಿಲ್ಲದೆ. ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ನಾಗವೇಣಿ ಕಾಮಸಮುದ್ರದ ಆಚೆಯ ಹಳ್ಳಿಯವಳು. ತಾಯಿ ಟೊಮೇಟೊ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು, ಅಣ್ಣ ಕಲ್ಲು ಕೆಲಸ ಮಾಡುತ್ತಿದ್ದ. ಪಿಯುಸಿ ಮುಗಿಸಿ ಇವಳು ಗಾರ್ಮೆಂಟ್ಸ್‌ಗೆ ಸೇರಿದ್ದಳು. ಬೆಳಗ್ಗೆ ಕಾಮಸಮುದ್ರದ ಸರ್ಕಲ್ಲಿಗೆ ಫ್ಯಾಕ್ಟರಿಯ ವ್ಯಾನು ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಅಲ್ಲಿಂದ ಬಿಟ್ಟು ನಮ್ಮ ಹತ್ತಿರ ಬಂದದ್ದೇಕೆ ಎಂದು ಮೊದಲ ದಿನ ಕೇಳಿದಾಗ ಅವಳು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಮಿಷನ್ ಶಬ್ದದಲ್ಲಿ ದಿನವೆಲ್ಲ ಮಾತಿಲ್ಲವಂತೆ. ಸೂಪರ್‌ವೈಸರ್ ಮಾತ್ರ ಕೂಗುತ್ತಾನಂತೆ. ನೀರು ಕುಡಿಯಲು ಎದ್ದರೂ ಕೂಗು, ಬಾತ್‌ರೂಮಿಗೆ ಎದ್ದರೂ ಕೂಗು. ಎದುರು ಏನಾದರೂ ಹೇಳಹೋದರೆ ಬಾಯಿ ತೆರೆಯುವ ಮೊದಲೇ ಇನ್ನೊಂದು ಕೂಗು.

"ಮಾತಾಡೋದೇ ಕೆಲ್ಸ ಅಂತೆ ಸಾರ್ ಅಲ್ಲಿ. ನಂಗೆ ಅದು ಬೇಕು," ಎಂದಳು.

ಅಣ್ಣ ಮೂರು ತಿಂಗಳ ಗಡುವು ಕೊಟ್ಟಿದ್ದ. ಅಷ್ಟರಲ್ಲಿ ಕಂಪನಿಯವರು ತೆಗೆದುಕೊಂಡರೆ ಸರಿ, ಇಲ್ಲದಿದ್ದರೆ ಮತ್ತೆ ವ್ಯಾನು. ಅವನನ್ನು ಬೈಯುವಂತಿರಲಿಲ್ಲ. ಮನೆಯಲ್ಲಿ ಒಬ್ಬರ ಕೂಲಿ ನಿಂತರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಹುಡುಗಿ ಚುರುಕು. ಒಂದು ಸಲ ಕೇಳಿದ ವಾಕ್ಯ ಮತ್ತೆ ಕೇಳುತ್ತಿರಲಿಲ್ಲ. ಉಚ್ಚಾರ ನನ್ನದಕ್ಕಿಂತ ಚೆನ್ನಾಗಿತ್ತು. ಆದರೆ ಮೇಜಿನ ಸುತ್ತ ಕೂರಿಸಿದರೆ ಮುಗಿಯಿತು, ಯಾರು ಮಾತಾಡುತ್ತಾರೋ ಅವರ ಮುಖವನ್ನೇ ನೋಡುತ್ತಾ ತಲೆಯಾಡಿಸುತ್ತಿದ್ದಳು. ಯಾಕಮ್ಮ ಸುಮ್ಮನಿದ್ದೆ ಎಂದರೆ, ಅವರು ಮಾತಾಡುತ್ತಾ ಇದ್ದರಲ್ಲ ಸಾರ್ ಎನ್ನುವಳು. ಅವರು ನಿಲ್ಲಿಸುವುದೇ ಇಲ್ಲ ಕಣಮ್ಮ, ನೀನೇ ನಿಲ್ಲಿಸಬೇಕು ಎಂದರೆ ನನ್ನನ್ನು, ಎಂಥ ಮಾತು ಹೇಳುತ್ತೀರಿ ಎನ್ನುವಂತೆ ನೋಡುವಳು.

ನನ್ನ ಕಸುಬಿನ ಗುಟ್ಟೆಲ್ಲ ಅವಳಿಗೆ ಸುರಿದೆ. ಎಂಥ ಮಾತುಗಾರನೂ ಉಸಿರೆಳೆದುಕೊಳ್ಳಲೇಬೇಕು, ಆ ಗಳಿಗೆ ಕಾಯಬೇಕು. ಕಾಯುವಾಗ ಬೆನ್ನು ಕುರ್ಚಿಗೆ ಒರಗಬಾರದು. ಅಂಗೈಯನ್ನು ಮೇಜಿನ ಮೇಲೆ ಇಡಬೇಕು, ಬೆರಳು ತೋರಿಸಬಾರದು. ಮೊದಲು ಮಾತಾಡಿದವನ ಹೆಸರು ಹಿಡಿದು ಶುರು ಮಾಡಿದರೆ ಅವನು ತನ್ನ ಹೆಸರು ಕೇಳಿ ಒಂದು ಕ್ಷಣ ಸುಮ್ಮನಾಗುತ್ತಾನೆ, ಅಷ್ಟು ಸಾಕು. ಅವಳು ಅಭ್ಯಾಸ ಮಾಡಿದಳು. ಊರಿನ ಬಸ್ಸಿನಲ್ಲಿ ಕೂತು ಹೆಂಗಸರ ಮಾತಿನ ಉಸಿರು ಎಲ್ಲೆಲ್ಲಿ ಬರುತ್ತದೆಂದು ಗಮನಿಸುತ್ತಿದ್ದೇನೆ ಎಂದು ಒಂದು ದಿನ ನಗುತ್ತಾ ಹೇಳಿದಳು. ಕೊನೆಕೊನೆಗೆ ಅಭ್ಯಾಸದಲ್ಲಿ ಎರಡು ಮೂರು ಸಲ ಒಳಗೆ ಬಂದಳು. ಇವಳು ಗೆಲ್ಲುತ್ತಾಳೆ ಎಂದು ನನಗೆ ಅನ್ನಿಸಿತ್ತು. ನಿಜ ಹೇಳಬೇಕೆಂದರೆ, ನನ್ನ ಮಗಳು ಪರೀಕ್ಷೆ ಬರೆದಾಗಲೂ ನಾನು ಅಷ್ಟು ಆಸೆ ಇಟ್ಟುಕೊಂಡಿರಲಿಲ್ಲ.

ಕಂಪನಿಯವರು ನಮ್ಮ ಮಹಡಿಗೇ ಬಂದು ಆಯ್ಕೆ ಮಾಡಿದರು. ಬಂದವರು ಒಬ್ಬ ಹೆಂಗಸು, ಕೊರಳಲ್ಲಿ ಗುರುತಿನ ಕಾರ್ಡು. ಒಳ್ಳೆಯವರೇ, ಕೆಟ್ಟ ಮನಸ್ಸಿನವರಲ್ಲ. ನಾಗವೇಣಿಯ ಗುಂಪಿನಲ್ಲಿ ಕಾನ್ವೆಂಟಿನಲ್ಲಿ ಓದಿದ ರೋಹಿತ್ ಎಂಬ ಹುಡುಗನಿದ್ದ, ಇನ್ನೂ ಮೂರ್ನಾಲ್ಕು ಜನ ಜೋರು ಬಾಯಿಯವರಿದ್ದರು. ಅವಳ ಪಕ್ಕದಲ್ಲಿ ಕೂತವನು ಪ್ರಸಾದ, ಬಂಗಾರಪೇಟೆ ಕಡೆಯ ಹಳ್ಳಿ ಹುಡುಗ, ಡೈರಿಗೆ ಹಾಲು ಹಾಕಿ ಬಸ್ ಹಿಡಿದು ಬರುವವನು. ಅವನು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಉಳಿದವರ ದನಿ ಅವನ ಮೇಲೆ ಹಾದುಹೋಯಿತು. ಆಮೇಲೆ ಅವನು ಮೇಜನ್ನು ನೋಡುತ್ತಾ ಕೂತ.

ರೋಹಿತ್ ಮೂರು ಸಲ ಮಾತಾಡಿದ. ಮೂರನೆಯ ಸಲ ಮುಗಿಸುವಾಗ ಎದುರಿದ್ದ ಒಬ್ಬ ಹುಡುಗಿಯ ಕಡೆ ತಿರುಗಿ, ನೀವೇನು ಹೇಳುತ್ತೀರಿ ಎಂದು ಚಂದದ ಇಂಗ್ಲಿಷಿನಲ್ಲಿ ಕೇಳಿದ. ಕಂಪನಿಯ ಹೆಂಗಸು ತಲೆದೂಗಿದ್ದು ಬಾಗಿಲ ಹತ್ತಿರ ನಿಂತಿದ್ದ ನನಗೆ ಕಾಣಿಸಿತು.

ಅದಾದ ಸ್ವಲ್ಪ ಹೊತ್ತಿಗೆ ನಾಗವೇಣಿಯ ಅಂಗೈ ಮೇಜಿನ ಮೇಲೆ ಬಂತು. ಜೋರುಬಾಯಿಯ ಹುಡುಗನೊಬ್ಬ ಉಸಿರೆಳೆದುಕೊಂಡ. ಅವಳು ಅವನ ಹೆಸರು ಹಿಡಿದು, ಕ್ಷಮಿಸಿ, ನಾನಿಲ್ಲಿ ಒಂದು ಮಾತು ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ಮಾತು ನಿಲ್ಲಿಸಿದರು. ಇಷ್ಟು ವರ್ಷದಲ್ಲಿ ಅಷ್ಟು ಒಳ್ಳೆಯ ಎಂಟ್ರಿಯನ್ನು ನಾನು ನೋಡಿರಲಿಲ್ಲ. ಇಡೀ ಮೇಜು ಅವಳದಾಗಿತ್ತು.

ಆಗ ಅವಳು ಪಕ್ಕಕ್ಕೆ ತಿರುಗಿ, ಪ್ರಸಾದ್ ಇನ್ನೂ ಮಾತಾಡಿಲ್ಲ, ದಯವಿಟ್ಟು ಅವರಿಗೆ ಬಿಡಿ ಎಂದು ಹೇಳಿ ಸುಮ್ಮನಾದಳು.

ಪ್ರಸಾದ ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಹೇಳಿದ. ಚೆನ್ನಾಗಿಯೇ ಹೇಳಿದ. ಅವನು ಮುಗಿಸುವಷ್ಟರಲ್ಲಿ ಸಮಯ ಆಯಿತು ಎಂದು ಕಂಪನಿಯ ಹೆಂಗಸು ಗಡಿಯಾರ ತೋರಿಸಿದರು.

ರೋಹಿತ್ ಆಯ್ಕೆಯಾದ. ಪ್ರಸಾದನೂ ಆದ. ನಾಗವೇಣಿ ಆಗಲಿಲ್ಲ.

ನಾನು ಕಂಪನಿಯ ಹೆಂಗಸಿನ ಹತ್ತಿರ ಹೋದೆ. ಮೇಡಂ, ರೋಹಿತ್ ಇನ್ನೊಬ್ಬರನ್ನು ಮಾತಿಗೆ ಕರೆದಾಗ ತಲೆದೂಗಿದಿರಿ, ಈ ಹುಡುಗಿ ಮಾಡಿದ್ದೂ ಅದನ್ನೇ ಅಲ್ಲವೇ ಎಂದೆ. ಅವರು ಸಮಾಧಾನವಾಗಿಯೇ ಹೇಳಿದರು, ಅವನು ಅಷ್ಟು ಹೊತ್ತಿಗೆ ತನ್ನ ಅಂಶಗಳನ್ನೆಲ್ಲ ಹೇಳಿ ಮುಗಿಸಿದ್ದ, ಇವಳು ತನ್ನದು ಏನೂ ಹೇಳಲೇ ಇಲ್ಲವಲ್ಲ ಸರ್. ಅಂದರೆ ಮೊದಲು ತಾನು ಉಂಡು ಆಮೇಲೆ ಇನ್ನೊಬ್ಬರಿಗೆ ಬಡಿಸಿದರೆ ಅದು ದೊಡ್ಡತನ, ತಾನು ಉಣ್ಣದೆ ಬಡಿಸಿದರೆ ದಡ್ಡತನ. ಅಲ್ಲ ಮೇಡಂ, ನಮ್ಮ ಕಡೆ ಏನಾಗುತ್ತೆ ಅಂದರೆ ಎಂದು ಶುರು ಮಾಡಿದೆ. ಅಷ್ಟರಲ್ಲಿ ಯಜಮಾನರು ನಡುವೆ ಬಂದು, ಮೇಡಂ ಟೀ ಆರಿಹೋಗುತ್ತೆ ಎಂದರು. ಅವರು ಟೀಗೆ ಹೋದರು. ನಮ್ಮ ಕಡೆ ಏನಾಗುತ್ತದೆ ಎನ್ನುವುದು ನನ್ನ ಗಂಟಲಲ್ಲೇ ಉಳಿಯಿತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಾಗವೇಣಿ ಮೆಟ್ಟಿಲ ಮೇಲೆ ಕೂತಿದ್ದಳು. ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದೆ. ಅವಳು ಅಳುತ್ತಿರಲಿಲ್ಲ. ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ಹೇಳಿದಳು.

"ಊಟುಕ್ಕೆ ಪಂಕ್ತೀಲಿ ಕುಂತಾಗ, ನನ್ನ ಎಲೆಗೆ ಸಾರು ಬಂದಿಲ್ಲ ಅಂತ ನಾನೇ ಕೂಗ್ತೀನಾ ಸಾರ್? ಪಕ್ಕದ ಎಲೆಯೋರು ಯೋಳ್ತಾರೆ. ಪ್ರಸಾದಂಗೆ ಬಂದಿರ್ಲಿಲ್ಲ, ನಾನು ಯೋಳ್ದೆ. ನಂಗೂ ಯಾರಾನಾ ಯೋಳ್ತಾರೆ ಅಂತಿದ್ದೆ."

ನಮ್ಮೂರುಗಳಲ್ಲಿ ಮದುವೆಯಾಗಲಿ ತಿಥಿಯಾಗಲಿ, ಎಲೆಯ ಮುಂದೆ ಕೂತವನು ತನಗೆ ಬೇಕೆಂದು ಬಾಯಿ ಬಿಡುವುದಿಲ್ಲ. ಬಿಟ್ಟರೆ ಹೊಟ್ಟೆಬಾಕ ಎನ್ನುತ್ತಾರೆ. ಬಡಿಸುವವನನ್ನು ತಡೆದು, ಇಲ್ಲಿಗೆ ಬಂದಿಲ್ಲ ನೋಡಪ್ಪ ಎಂದು ಕೂಗುವವನು ಯಾವಾಗಲೂ ಪಕ್ಕದವನು. ನಾನೂ ಆ ಪಂಕ್ತಿಗಳಲ್ಲೇ ಉಂಡು ಬೆಳೆದವನು. ಬೋರ್ಡಿನ ಮೇಲೆ ಬರೆದ ಅಷ್ಟು ಕ್ರಿಯಾಪದಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ. ಇದ್ದಿದ್ದರೂ ಆ ಮೇಜಿನ ಸುತ್ತ ಅದನ್ನು ಬಳಸುವವರು ಇನ್ನೊಬ್ಬರಿರಲಿಲ್ಲ. ಪ್ರಸಾದ ಆಯ್ಕೆಯಾದವರಿಗೆ ಕೊಟ್ಟ ಸ್ವೀಟ್ ಬಾಕ್ಸ್ ಹಿಡಿದು ನಮ್ಮನ್ನು ದಾಟಿಕೊಂಡು ಇಳಿದುಹೋದ. ಅವಳ ಕಡೆ ನೋಡಲಿಲ್ಲ. ನಾಚಿಕೆಯಿಂದಲೋ ಏನೋ, ನಾನು ಕೇಳಲು ಹೋಗಲಿಲ್ಲ.

ಮುಂದಿನ ವಾರದಿಂದ ಅವಳು ಬರಲಿಲ್ಲ. ಗಡುವು ಮುಗಿದಿತ್ತು. ನನಗೆ ಮನಸ್ಸು ತಡೆಯಲಿಲ್ಲ. ಇನ್ನೊಂದು ಕಂಪನಿ ತಿಂಗಳ ಕೊನೆಗೆ ಬರುತ್ತದೆಂದು ಯಜಮಾನರು ಹೇಳಿದ್ದನ್ನು ಹಿಡಿದುಕೊಂಡು, ಒಂದು ಬೆಳಗ್ಗೆ ಮೊದಲ ಬಸ್ಸಿಗೆ ಕಾಮಸಮುದ್ರಕ್ಕೆ ಹೋದೆ. ಸರ್ಕಲ್ಲಿನಲ್ಲಿ ಏಳೆಂಟು ಹೆಣ್ಣುಮಕ್ಕಳು ಟಿಫನ್ ಬ್ಯಾಗು ಹಿಡಿದು ನಿಂತಿದ್ದರು. ಅವಳೂ ಇದ್ದಳು. ನನ್ನನ್ನು ಕಂಡು ಹತ್ತಿರ ಬಂದಳು, ಕಾಫಿ ಕುಡಿದಿರಾ ಸಾರ್ ಎಂದು ವಿಚಾರಿಸಿದಳು.

ನಾನು ಶುರು ಮಾಡಿದೆ. ಒಂದು ಸೋಲಿಗೆ ಹೀಗೆ ಕೈಚೆಲ್ಲಬಾರದು ಎಂದೆ. ಅಣ್ಣನ ಹತ್ತಿರ ನಾನು ಮಾತಾಡುತ್ತೇನೆ ಎಂದೆ. ನಿನ್ನ ಎಂಟ್ರಿಯಂಥದ್ದನ್ನು ನಾನು ಕಂಡೇ ಇಲ್ಲ, ಮುಂದಿನ ಸಲ ಮೊದಲು ನಿನ್ನ ಮಾತು ಹೇಳಿಬಿಡು, ಆಮೇಲೆ ಬೇಕಾದರೆ ಊರಿಗೆಲ್ಲ ಬಡಿಸು ಎಂದೆ. ಅವಳು ತಲೆಯಾಡಿಸುತ್ತಾ ಕೇಳುತ್ತಿದ್ದಳು. ಕೇಳುತ್ತಾಳೆಂಬ ಧೈರ್ಯಕ್ಕೆ ನಾನು ಇನ್ನೂ ಹೇಳುತ್ತಾ ಹೋದೆ. ಮೇಷ್ಟ್ರ ಜಾತಿಗೆ ಎದುರಿಗೆ ತಲೆಯಾಡಿಸುವವರಿದ್ದರೆ ಸಾಕು. ನಾನು ಮುಂದಿನ ಮಾತಿಗೆ ಉಸಿರೆಳೆದುಕೊಂಡೆ.

"ಸಾರ್, ಸಾಕು ಬುಡಿ. ವ್ಯಾನು ಬತ್ತು."

ಅವಳು ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದು ಅದೇ ಮೊದಲು. ಬಿರುಸಿರಲಿಲ್ಲ, ಅಂಜಿಕೆಯೂ ಇರಲಿಲ್ಲ, ಸರಿಯಾದ ಗಳಿಗೆ ನೋಡಿಯೇ ನಿಲ್ಲಿಸಿದ್ದಳು. ಅವಳು ಬ್ಯಾಗನ್ನು ಎದೆಗೊತ್ತಿಕೊಂಡು ಉಳಿದವರ ಜೊತೆ ಒಳಗೆ ನುಗ್ಗಿದಳು.